ಎರವಲು ದನಿಯಲ್ಲಿ ರಿಪೋರ್ಟು

ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟು, ಫಲಿತಾಂಶ ಕೇಳದೆ ಓಡಿಬಂದ ಮಹಾಶೂರ ನಾನು. ಪರೀಕ್ಷೆ ಯಾಕೆ ಬೇಕಾಯಿತೆಂದರೆ, ಬೆಂಗಳೂರಿನ ಒಂದು ಭಾನುವಾರದ ಅವಿವೇಕ. ನೀವು ಜಾಣರು, ವಿವರ ಬೇಡ. ರಜೆಗೆ ನಮ್ಮೂರು ಮಡಕಶಿರಕ್ಕೆ ಹೋದಾಗ ಸರ್ಕಾರಿ ಆಸ್ಪತ್ರೆಯಲ್ಲಿ ತೋಳು ಚಾಚಿದೆ. ಸಲಹೆ ಹೇಳುವ ಮೇಡಂ ತಮ್ಮ ಫೋನ್ ನಂಬರಿನ ಚೀಟಿ ಕೊಟ್ಟು, "ಸ್ವಲ್ಪ ಹೊತ್ತು ಹೊರಗೆ ಕೂತಿರಪ್ಪ, ಕರೀತೀನಿ" ಎಂದರು. ಹೊರಗೆ ಕೂತದ್ದು ನಿಜ; ಕೂತದ್ದು ಬೆಂಗಳೂರಿನ ಬಸ್ಸಿನಲ್ಲಿ.

ಗಾರ್ಮೆಂಟ್ಸಿನಲ್ಲಿ ನಾನು ಕಾಲರ್ ಹೊಲಿಯುವವನಾದರೂ ಹೆಸರು ಮಾಡಿದ್ದು ಮಿಮಿಕ್ರಿಯಲ್ಲಿ. ನನ್ನ ದೇಹ ನನಗಿಂತ ದೊಡ್ಡ ಕಲಾವಿದ ಎಂದು ಆ ವಾರ ತಿಳಿಯಿತು. ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದ ಲಕ್ಷಣಗಳನ್ನೆಲ್ಲ ಅದು ಒಂದೂ ಬಿಡದೆ ಅಭಿನಯಿಸಿತು. ಬೆಳಿಗ್ಗೆ ಜ್ವರ, ಮಧ್ಯಾಹ್ನ ಭೇದಿ. ಪ್ಯಾಂಟು ಸಡಿಲವಾಯಿತೆಂದು ಕಂಗಾಲಾಗಿ ನೋಡಿದರೆ, ಅದು ರೂಮಿನ ಗೆಳೆಯನ ಪ್ಯಾಂಟು. ಚಿಂತೆ ನಮ್ಮ ಹೊಲಿಗೆ ಮಿಷನ್ನಿನ ಹಾಗೆ, ದಾರ ಮುಗಿದರೂ ಸೂಜಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ತಡೆಯಲಾರದೆ ಗೆಳೆಯನಿಗೆ ಹೆದರಿಕೆಯಾಗಿದೆ ಎಂದೆ. ಅವನು ನಕ್ಕು, "ಇದ್ಯಾರ್ ದನಿಯೋ, ಚೆನ್ನಾಗೈತೆ, ಇನ್ನೊಂದ್ಸಲ ಮಾಡು" ಎಂದ.

ಆಗೆಲ್ಲ ನೆನಪಾಗುತ್ತಿದ್ದವನು ನರಸಿಂಹಣ್ಣ. ನಮ್ಮೂರ ಕಡೆಯವನೇ, ನಮ್ಮ ಫ್ಯಾಕ್ಟರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ. ಅವನಿಗೆ ಎಚ್‌ಐವಿ ಇದೆಯೆಂದು ಸುದ್ದಿಯಾದ ಮೇಲೆ ಊಟದ ಹೊತ್ತಿನಲ್ಲಿ ಜನ ದೂರ ಸರಿದು ಕೂರತೊಡಗಿದರು. ಅವರ ನಡುವೆ ಕೂತು ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ, ಅವನ ದನಿ ತೆಗೆದೆ. ಗಂಟಲು ಸರಿಮಾಡಿಕೊಂಡು "ಏನಪ್ಪಾ ಅಂದ್ರೆ" ಎಂದು ಮಾತಿಗಿಳಿಯುವುದು ಅವನ ರೀತಿ. ಮಾತಿಗೊಂದು ಕೆಮ್ಮು ಸೇರಿಸಿದ್ದು ನನ್ನ ಸ್ವಂತ ಪ್ರತಿಭೆ. ಎಲ್ಲರೂ ನಕ್ಕರು. ಅವನು ಕೇಳಿಸಿಕೊಂಡು, ಅರ್ಧ ಮುದ್ದೆ ಉಳಿದಿದ್ದ ಡಬ್ಬಿ ಮುಚ್ಚಿದ. ಆ ತಿಂಗಳೇ ಊರಿಗೆ ಹೊರಟುಹೋದ. ಅಷ್ಟು ಚೆನ್ನಾಗಿ ಮಾಡಬಾರದಿತ್ತು ಎಂದುಕೊಂಡೆ. ಮಾಡಲೇಬಾರದಿತ್ತು ಎನ್ನಲು ನನಗೇ ಜ್ವರ ಬರಬೇಕಾಯಿತು.

ಕೊನೆಗೆ ಫೋನಿನಲ್ಲೇ ಫಲಿತಾಂಶ ತಿಳಿಯೋಣವೆಂದು ಹೊರಟೆ. ಮೊದಲು ನಮ್ಮ ರಾಯದುರ್ಗದ ಸೂಪರ್‌ವೈಸರನಾದೆ: "ನಮ್ಮ ಹುಡುಗಂದು ರಿಪೋರ್ಟ್ ಏನಾತ್ರಿ ಮೇಡಂ? ಹೇಳಾಕ ಯಾಕ ತಡ ಮಾಡ್ತೀರಿ?"

"ಬೇರೆಯವರಿಗೆ ಹೇಳಲ್ಲ ಸಾರ್, ಅವರೇ ಬರ್ಬೇಕು" ಎಂದು ಮೇಡಂ ಇಟ್ಟುಬಿಟ್ಟರು.

ಜಬರದಸ್ತು ನಡೆಯುವುದಿಲ್ಲ, ಮರುಕ ಹುಟ್ಟಿಸುವ ದನಿ ಬೇಕು ಅನಿಸಿತು. ನನ್ನ ಸಂಗ್ರಹದಲ್ಲಿ ಅಂಥದ್ದು ಒಂದೇ ಇತ್ತು. ಮರುದಿನ ಗಂಟಲು ಸರಿಮಾಡಿಕೊಂಡು, "ಏನಪ್ಪಾ ಅಂದ್ರೆ ಮೇಡಂ, ನಾನು ಆ ಹುಡುಗನ ಅಣ್ಣ" ಎಂದೆ. ನಾಚಿಕೆಗೆಟ್ಟವನು, ಕೆಮ್ಮನ್ನೂ ಬಿಡಲಿಲ್ಲ.

ಆ ಕಡೆ ಯಾರೋ "ಒಸಿ ಇಲ್ಲಿ ಕೊಡಿ ಮೇಡಂ" ಎಂದದ್ದು ಕೇಳಿಸಿತು. ತಿಂಗಳ ಮಾತ್ರೆಗೆ ಬಂದಿದ್ದ ನರಸಿಂಹಣ್ಣ ಮೇಡಂ ಎದುರಿಗೇ ಕೂತಿದ್ದ. ಫೋನಿನ ಸದ್ದು ಜೋರಾಗಿದ್ದುದರಿಂದ ತನ್ನ ದನಿಯನ್ನು ತಾನೇ ಕೇಳಿಸಿಕೊಂಡಿದ್ದ. ಅದನ್ನು ಕದ್ದವನು ಲೋಕದಲ್ಲಿ ಒಬ್ಬನೇ ಎಂಬುದೂ ಅವನಿಗೆ ಗೊತ್ತಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಯಾರ ದನಿಯೂ ಹೊರಡಲಿಲ್ಲ. ಅಷ್ಟರಲ್ಲಿ ಅವನೇ ಹೇಳಿದ:

"ನನ್ ದನಿ ತಗಂಡಂಗೆ ನನ್ ರಿಪೋರ್ಟೂ ತಗಂತೀಯೇನೋ? ನಿಂದೇನೈತೋ ನೀನೇ ಬಂದು ಕೇಳ್ಕ. ಒಬ್ನೇ ಕೂರಾಕೆ ಭಯ ಆದ್ರೆ ಪಕ್ಕದಾಗೆ ನಾನ್ ಕೂರ್ತೀನಿ."