ಯಾವ ಹಿಂಡಿ?

ಇವತ್ತಿನ ಟಪಾಲಿನಲ್ಲಿ ಕೆರೂರಿನಿಂದ ಒಂದು ಕಾರ್ಡು ಬಂದಿದೆ. ಬರೆದವಳು ಒಬ್ಬ ಹೆಣ್ಣುಮಗಳು. ಅಕ್ಷರ ದುಂಡಗಿವೆ, ಮಾತು ಗಿಡ್ಡ. "ಲಿಂಬೆಯ ಬುಡಕ್ಕೆ ಹಿಂಡಿ ಹಾಕಿರೆಂದು ಬರೆದಿದ್ದೀರಿ. ಯಾವ ಹಿಂಡಿ ಎಂದು ಬರೆದಿಲ್ಲ. ತಿಳಿಸಬೇಕು." ಅಷ್ಟೇ. ಕ್ಷೇಮ ಸಮಾಚಾರ ಇಲ್ಲ, ತಮ್ಮ ಲೇಖನ ಓದಿ ಧನ್ಯಳಾದೆ ಎಂಬ ಒಂದು ಸಾಲೂ ಇಲ್ಲ. ಇಂಥ ಓದುಗರಿಗಾಗಿ ನಾವು ಕಣ್ಣು ಕೆಡಿಸಿಕೊಂಡು ಬರೆಯಬೇಕು ನೋಡಿರಿ.

ನಾನು ಒಂದು ಮಾಸಪತ್ರಿಕೆಗೆ ಹಿತ್ತಲ ತೋಟದ ಸಲಹೆ ಬರೆಯುವವನು. ಈ ಸಂಗತಿ ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಮನೆಯ ಗಿಡಗಳು ಪುಣ್ಯ ಮಾಡಿವೆ. ಗುಲಾಬಿಗೆ ಹೇನು ಹತ್ತಿದರೆ ಏನು ಸಿಂಪಡಿಸಬೇಕು, ಮೆಣಸಿನ ಎಲೆ ಮುರುಟಿದರೆ ಏನು ಉದುರಿಸಬೇಕು, ಬದನೆಯ ಬೇರಿಗೆ ಗೆದ್ದಲು ಹತ್ತಿದರೆ ಯಾರನ್ನು ಬೈಯಬೇಕು, ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಿರುತ್ತದೆ. ಬಾಗಲಕೋಟೆಯ ಈ ಮನೆಯ ಹಿತ್ತಿಲಲ್ಲಿ ಗಿಡಗಳೇನೋ ಸೊಂಪಾಗಿಯೇ ಇವೆ. ಅವು ನನ್ನ ಹೆಂಡತಿಯ ಕೈಯಲ್ಲಿವೆ. ನನ್ನ ಕೈಯಲ್ಲಿರುವುದು ಲೇಖನಿ ಮಾತ್ರ. ಈ ಪಾಲುದಾರಿಕೆ ಗಿಡಗಳಿಗೆ ಭಾಳ ಒಗ್ಗಿದೆ.

ಕಾರ್ಡನ್ನು ಮೊದಲ ಸಲ ಓದಿದಾಗ ನಗು ಬಂತು. ಎರಡನೆಯ ಸಲ ಬರಲಿಲ್ಲ. ಯಾಕೆಂದರೆ ನಮ್ಮ ಕಡೆ ಹಿಂಡಿ ಅಂದರೆ ಎರಡು. ಕುಸುಬೆಯನ್ನೋ ಶೇಂಗಾವನ್ನೋ ಗಾಣಕ್ಕೆ ಹಾಕಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ ಚಕ್ಕೆ ಒಂದು ಹಿಂಡಿ. ಅದು ದನಕ್ಕೆ, ಗಿಡಕ್ಕೆ. ಸಂಕ್ರಾಂತಿಯ ಸುಮಾರಿಗೆ ಪೇಟೆಗೆ ಬರುವ ಹಣ್ಣು ಮೆಣಸಿನಕಾಯಿಯನ್ನು ಉಪ್ಪು, ಹುಣಸೆ, ಮೆಂತ್ಯ, ಬೆಲ್ಲ ಕೂಡಿಸಿ ಒರಳಲ್ಲಿ ಕುಟ್ಟಿ, ಭರಣಿಗೆ ತುಂಬಿ, ವರ್ಷವಿಡೀ ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದು ಇನ್ನೊಂದು ಹಿಂಡಿ. ದನ ಕಟ್ಟಿದ ಮನೆಯಲ್ಲಿ ಹಿಂಡಿ ಅಂದರೆ ಮೊದಲನೆಯದು ನೆನಪಾಗುತ್ತದೆ, ದನವಿಲ್ಲದ ಮನೆಯಲ್ಲಿ ಎರಡನೆಯದು. ಹುನಗುಂದದ ನಮ್ಮ ಮನೆಯಲ್ಲಿ ದನ ಇರಲಿಲ್ಲ. ನಾನಿದ್ದೆ.

ಪ್ಲೇಗಿಗೆ ಹೆದರಿ ಊರ ಹೊರಗೆ ಹಾಕಿಕೊಂಡಿದ್ದ ಗುಡಿಸಲುಗಳನ್ನು ಬಿಟ್ಟು ಊರ ಜನವೆಲ್ಲ ಮರಳಿ ಮನೆ ಸೇರಿದ ಮರುವರ್ಷ ಅದು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿಕೊಂಡು ಬಂದು ಹುನಗುಂದದ ಕನ್ನಡ ಸಾಲಿಯಲ್ಲಿ ಮಾಸ್ತರನಾಗಿದ್ದೆ. ಬರುವಾಗ ಜೊತೆಗೆ ತೋಟಗಾರಿಕೆಯ ಒಂದು ಮರಾಠಿ ಪುಸ್ತಕ ತಂದಿದ್ದೆ. ಅದರ ಮೊದಲಿನ ನಾಲ್ಕು ಹಾಳೆ ಹರಿದು ಹೋಗಿದ್ದವು. ಹೀಗಾಗಿ ಗಿಡ ನೆಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ನೆಟ್ಟ ಮೇಲೆ ಬರುವ ರೋಗಗಳು ಮಾತ್ರ ಬಾಯಿಪಾಠ. ಊರಲ್ಲಿ ಯಾರ ಮನೆಗೆ ಹೋದರೂ ಸೀದಾ ಹಿತ್ತಲಿಗೆ ನಡೆದು, ಒಂದು ಎಲೆ ಕಿತ್ತು, ಬಿಸಿಲಿಗೆ ಹಿಡಿದು ನೋಡಿ, "ಇದು ಬದುಕೂದು ಕಠಿಣ ಅದ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಎಲೆ ಕಿತ್ತದ್ದರಿಂದಲೋ ಏನೋ, ಕೆಲವು ಗಿಡಗಳು ನನ್ನ ಮಾತು ಉಳಿಸಿಕೊಟ್ಟವು.

ಮನೆಯಲ್ಲಿ ಇದ್ದವರು ನಾಲ್ಕು ಜನ. ಕಚೇರಿಯಲ್ಲಿ ಕಾರಕೂನನಾಗಿದ್ದ ಅಪ್ಪ, ನಾನು, ಬಾದಾಮಿಯಿಂದ ಹೊಸದಾಗಿ ಬಂದ ನನ್ನ ಹೆಂಡತಿ, ಮತ್ತು ಅತ್ಯಾ. ಅತ್ಯಾ ಅಂದರೆ ಅಪ್ಪನ ಅಕ್ಕ. ನನ್ನ ತಾಯಿ ತೀರಿಕೊಂಡ ವರ್ಷವೇ ಆಕೆಯ ಗಂಡನೂ ಕೆರೂರಿನಲ್ಲಿ ತೀರಿಕೊಂಡ. ಅಲ್ಲಿಂದ ಬಂಡಿಯಲ್ಲಿ ನಮ್ಮ ಮನೆಗೆ ಬಂದಳು. ಗಂಡನ ಮನೆಯವರು ಎಲ್ಲವನ್ನೂ ಬಹಳ ಜೋಪಾನವಾಗಿ ತಮ್ಮಲ್ಲೇ ಇಟ್ಟುಕೊಂಡಿದ್ದರು. ಆಕೆಯ ಮಡಿಲಲ್ಲಿ ಇದ್ದದ್ದು ಒಡೆದ ಗಡಿಗೆಯೊಳಗಿನ ಒಂದು ಲಿಂಬೆಯ ಸಸಿ. ಗಂಡ ಬೀಜ ಊರಿ ಎಬ್ಬಿಸಿದ್ದಂತೆ. ಅದನ್ನು ನಮ್ಮ ಹಿತ್ತಿಲಲ್ಲಿ ಹಚ್ಚಿದಳು. ಆ ಮನೆಯಲ್ಲಿ ಇದು ನನ್ನದು ಎಂದು ಆಕೆ ಹೇಳಬಹುದಾದದ್ದು ಅದೊಂದೇ. ನನ್ನನ್ನೂ ಆಕೆ ತನ್ನವನೆಂದೇ ತಿಳಿದಿದ್ದಳು. ರೊಟ್ಟಿ ತಟ್ಟಿ, ಬೈದು, ಬೆಳೆಸಿದವಳು.

ಹತ್ತು ವರ್ಷವಾದರೂ ಗಿಡ ಒಂದು ಹೂ ಬಿಡಲಿಲ್ಲ. ಎಲೆಗೇನೂ ಕಡಿಮೆ ಇಲ್ಲ, ಮುಳ್ಳಿಗಂತೂ ಇಲ್ಲವೇ ಇಲ್ಲ. ಸಲಹೆ ಕೊಡಲು ಊರಿಗೆ ಊರೇ ಮುಂದೆ ಬಂತು. ಒಬ್ಬಳು ಹಳೆಯ ಕಸಬರಿಗೆ ಕಟ್ಟಿರಿ ಎಂದಳು, ಕಟ್ಟಿದೆವು. ಇನ್ನೊಬ್ಬ ಹರಕು ಕೆರ ತೂಗುಹಾಕಿರಿ ಎಂದ, ಹಾಕಿದೆವು. ಮತ್ತೊಬ್ಬ ತಾನೇ ಬಂದು ಬೊಡ್ಡೆಗೆ ಮೊಳೆ ಹೊಡೆದು ಹೋದ. ಕಸಬರಿಗೆ, ಕೆರ, ಮೊಳೆ ಎಲ್ಲ ಸೇರಿ ಅದು ಗಿಡಕ್ಕಿಂತ ಹಳೆಯ ಸಾಮಾನಿನ ಅಂಗಡಿಯಂತೆ ಕಾಣುತ್ತಿತ್ತು. ಅತ್ಯಾ ಮಾತ್ರ ದಿನಾ ಸಂಜೆ ಒಂದು ಕೊಡ ನೀರು ಹನಿಸಿ, ಎಲೆ ಒರೆಸಿ ಬರುತ್ತಿದ್ದಳು.

ಈಗ ಖೋಲಿಯ ವಿಷಯಕ್ಕೆ ಬರಬೇಕು. ನಾನು ಪಡಸಾಲೆಯಲ್ಲಿ ಅಪ್ಪನ ಗೊರಕೆಯ ಪಕ್ಕದಲ್ಲಿ ಮಲಗುತ್ತಿದ್ದೆ, ಹೆಂಡತಿ ಅಡುಗೆಮನೆಯಲ್ಲಿ ಅತ್ಯಾನ ಪಕ್ಕದಲ್ಲಿ. ಹೊಸದಾಗಿ ಮದುವೆಯಾದವರ ಸುಖಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರೂ ಕಂಡುಹಿಡಿದಿರಲಿಕ್ಕಿಲ್ಲ. ಅಪ್ಪನಿಗೇ ಕನಿಕರ ಬಂದು, ಹಿತ್ತಿಲಲ್ಲಿ ನಮಗೊಂದು ಖೋಲಿ ಕಟ್ಟಿಸುತ್ತೇನೆ ಎಂದ. ಜಾಗ ಇದ್ದದ್ದು ಒಂದೇ, ಲಿಂಬೆಯ ಗಿಡ ಇದ್ದಲ್ಲಿ. ಊಟಕ್ಕೆ ಕೂತಾಗ ಅತ್ಯಾನಿಗೆ ಹೇಳಿದ, "ಅಕ್ಕ, ಯುಗಾದಿ ತನಕಾ ನೋಡೂಣು. ಕಾಯಿ ಬಿಟ್ರ ಇರ್ಲಿ. ಇಲ್ಲಂದ್ರ ತಗಿಸಿಬಿಡತೇನಿ." ಆಕೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಬಡಿಸಿದಳು. ನಾನು ತಲೆ ತಗ್ಗಿಸಿ ಉಂಡೆ. ಖೋಲಿಯ ಕಿಡಕಿ ಯಾವ ದಿಕ್ಕಿಗೆ ಇರಬೇಕೆಂದು ಆಗಲೇ ಯೋಚನೆ ನಡೆದಿತ್ತು.

ಮರುದಿನ ನಾನು ಪಡಸಾಲೆಯಲ್ಲಿ ಹುಡುಗರ ಪಾಟಿ ತಿದ್ದುತ್ತ ಕೂತಿದ್ದೆ. ಅತ್ಯಾ ಬಂದು ಕಂಬ ಹಿಡಿದು ನಿಂತಳು. ನನ್ನ ಹತ್ತಿರ ಆಕೆ ಯಾವತ್ತೂ ಏನೂ ಕೇಳಿದವಳಲ್ಲ.

"ಏನ ಹಾಕಿದ್ರ ಕಾಯಿ ಬಿಡ್ತದ, ನಿನ್ನ ಪುಸ್ತಕದಾಗ ಬರದಿರಬೇಕಲ್ಲಪಾ," ಎಂದಳು.

"ಬುಡ ಕೆದರಿ ಹಿಂಡಿ ಹಾಕು," ಎಂದೆ. ತಲೆ ಎತ್ತಲಿಲ್ಲ.

"ಹಿಂಡಿ?"

"ಹೂಂ, ಹಿಂಡಿ."

ಸಾಲಿಯಲ್ಲಿ ಹುಡುಗರಿಗೆ ಒಂದು ಶಬ್ದಕ್ಕೆ ಎರಡು ಅರ್ಥ ಬರೆಯಲು ಹೇಳಿ, ತಪ್ಪಿದವರ ಕಿವಿ ಹಿಂಡುತ್ತಿದ್ದ ಮಾಸ್ತರ ನಾನು. ಮಾರನೆಯ ದಿನ ಸಂಜೆ ಸಾಲಿ ಬಿಟ್ಟು ಬಂದು ನೋಡಿದರೆ ಅಡುಗೆಮನೆಯ ದೊಡ್ಡ ಭರಣಿ ಖಾಲಿಯಾಗಿ ಬೋರಲು ಬಿದ್ದಿತ್ತು. ಹಿತ್ತಲಲ್ಲಿ ಗಿಡದ ಸುತ್ತ ಮಣ್ಣು ಕೆಂಪಗಾಗಿತ್ತು. ಹತ್ತು ದಿನ ಮಡಿಯಲ್ಲಿ ನಿಂತು, ಕೈ ಉರಿಗೆ ಬೆಣ್ಣೆ ಹಚ್ಚಿಕೊಂಡು ಕುಟ್ಟಿದ ವರ್ಷದ ಹಿಂಡಿಯನ್ನೆಲ್ಲ ಆಕೆ ಗಿಡಕ್ಕೆ ಉಣ್ಣಿಸಿದ್ದಳು. ಈ ಕಥೆಯನ್ನು ನಾನು ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ. ಯಾವಾಗಲೂ ಹೀಗೇ ಹೇಳಿದ್ದೇನೆ.

ನಾಲ್ಕೇ ದಿನದಲ್ಲಿ ಎಲೆ ಜೋತುಬಿದ್ದವು, ತುದಿ ಕಂದಿತು. ಅಪ್ಪ ಒಣರೊಟ್ಟಿ ಮುರಿಯುತ್ತ, ತನ್ನ ಮಗನ ವಿದ್ಯೆಯ ಬಗ್ಗೆ ಪ್ರತಿ ತುತ್ತಿಗೂ ಒಂದೊಂದು ಮಾತು ಹೇಳಿದ. ಕಡೆಗೆ ಕಡಿಸುವ ಖರ್ಚು ಉಳಿಯಿತಲ್ಲ ಎಂದು ಸಮಾಧಾನವನ್ನೂ ಪಟ್ಟುಕೊಂಡ. ನಾನು ಪುಸ್ತಕ ತೆಗೆದು ನೋಡಿದೆ. ಹಿಂಡಿ ತಿಂದ ಗಿಡದ ಬಗ್ಗೆ ಆ ಮರಾಠಿ ಪಂಡಿತ ಏನೂ ಬರೆದಿರಲಿಲ್ಲ. ಇನ್ನು ಪ್ರಯೋಜನವಿಲ್ಲ ಎಂದು ಅತ್ಯಾನಿಗೆ ಹೇಳಿದೆ.

ಹಿಂದಿನ ಗೋಡೆಯ ಆಚೆ ಹುಸೇನಸಾಬನ ಮನೆ. ಇಳಕಲ್ಲಿನ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುವವನು. ಮೊಳಕೈತನಕ ಅವನ ಕೈ ಯಾವಾಗಲೂ ನೀಲಿ. ಅವನು ಯಾರಿಗೂ ಸಲಹೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ, ಆದ್ದರಿಂದ ಅವನಿಗೆ ಏನೂ ಗೊತ್ತಿಲ್ಲ ಎಂದೇ ತಿಳಿದಿದ್ದೆ. ಗೋಡೆಯ ಮೇಲಿಂದ ಗಿಡವನ್ನು ನೋಡಿದ, ಮಣ್ಣು ನೋಡಿದ, ಏನಾಯಿತೆಂದು ಕೇಳಿದ. ನಗಲಿಲ್ಲ.

"ಬಾಯಾರ, ಇದು ಖಾರದ ತಪ್ಪಲ್ರಿ, ಉಪ್ಪಿನ ತಪ್ಪು," ಎಂದು ಅತ್ಯಾನಿಗೆ ಹೇಳಿದ. "ನೂಲಿಗೆ ಹತ್ತಿದ ಸುಣ್ಣ ನಾವು ಹ್ಯಾಂಗ ತಗೀತೇವಿ? ತೊಳದು ತೊಳದು ತಗೀತೇವಿ. ಬೇರೂ ನೂಲ ಅಲ್ಲೇನ್ರಿ? ಆದ್ರ ಬಾವಿ ನೀರು ಬ್ಯಾಡ, ಅದು ಸವಳು. ಹಳ್ಳದ ನೀರು ತರ್ರಿ."

ಕೆಂಪು ಮಣ್ಣನ್ನು ಮೇಲಿಂದ ಮೇಲೆ ತೆಗೆದು ಚೆಲ್ಲಬೇಕು, ನೀರು ಹರಿದು ಹೋಗಲು ಒಂದು ಕಾಲುವೆ ತೋಡಬೇಕು, ಎಂಟು ದಿನ ತೊಳೆಯಬೇಕು, ಆಮೇಲೆ ಎಲೆಯೆಲ್ಲ ಉದುರುವತನಕ ಒಂದು ಹನಿಯನ್ನೂ ಹಾಕಬಾರದು ಎಂದು ಹೇಳಿದ. ಇಷ್ಟು ವರ್ಷ ದಿನಾ ನೀರು ಕುಡಿದು ಗಿಡ ಎಲೆ ಬಿಡುವುದರಲ್ಲೇ ಸುಖವಾಗಿತ್ತು, ನೀರಡಿಸಿದ ಮೇಲೆ ಕೊಟ್ಟರೆ ಹೂವಿನ ನೆನಪಾದೀತು ಎಂಬುದು ಅವನ ಲೆಕ್ಕ. ನನ್ನ ಪುಸ್ತಕದ ಹರಿದ ನಾಲ್ಕು ಹಾಳೆಯಲ್ಲಿ ಇದೇ ಇತ್ತೋ ಏನೋ.

ಹಳ್ಳ ನಮ್ಮ ಮನೆಗೆ ಹತ್ತಿರವಿರಲಿಲ್ಲ. ಮುದುಕಿ ಸೆರಗು ಬಿಗಿದು ಕೊಡ ಎತ್ತಿದಳು. ಮರುದಿನ ನೋಡಿದರೆ ಆಕೆಯ ಹಿಂದೆ ಇನ್ನೊಂದು ಕೊಡ ಹೊರಟಿತ್ತು. ನನ್ನ ಹೆಂಡತಿ! ಯಾರ ಖೋಲಿಗಾಗಿ ಗಿಡ ಸಾಯಬೇಕಿತ್ತೋ ಅವಳೇ ಅದನ್ನು ಬದುಕಿಸಲು ನೀರು ಹೊರುತ್ತಿದ್ದಳು. ಹಿತ್ತಲಲ್ಲಿ ಅವಳನ್ನು ತಡೆದು, ಇದರಿಂದ ಉಪಯೋಗವಿಲ್ಲ ಎಂದು ಪುಸ್ತಕದ ಆಧಾರ ಕೊಟ್ಟು ಹೇಳಿದೆ. ಮದುವೆಯಾದ ಮೇಲೆ ಅವಳು ನನಗೆ ಆಡಿದ ಮೊದಲ ಗಟ್ಟಿ ಮಾತು ಆಗ ಬಂತು: "ಕೊಡ ಹೊರೂದು ನಿಮ್ಮ ಪುಸ್ತಕದಾಗ ಬರದಿಲ್ಲೇನ್ರಿ?"

ಬರೆದಿರಲಿಲ್ಲ. ಆದರೂ ಹೊತ್ತೆ. ಹುನಗುಂದದ ದಾರಿಯಲ್ಲಿ ಟೊಪ್ಪಿಗೆ ಹಾಕಿಕೊಂಡ ಮಾಸ್ತರನೊಬ್ಬ ಹೆಗಲ ಮೇಲೆ ಕೊಡ ಹೊತ್ತು ಇಬ್ಬರು ಹೆಣ್ಣುಮಕ್ಕಳ ಹಿಂದೆ ಹೋಗುವುದನ್ನು ನನ್ನ ಶಿಷ್ಯರೆಲ್ಲ ಸಾಲಾಗಿ ನಿಂತು ನೋಡಿದರು. ಒಂದು ವಾರ ಯಾರ ಕಿವಿ ಹಿಂಡಲೂ ನನಗೆ ಧೈರ್ಯವಾಗಲಿಲ್ಲ.

ಎಂಟು ದಿನ ತೊಳೆದೆವು, ಆಮೇಲೆ ಬಿಟ್ಟೆವು. ಎಲೆಯೆಲ್ಲ ಉದುರಿ ಗಿಡ ಬರೀ ಮುಳ್ಳಾಗಿ ನಿಂತಿತು. ಕೊಡ ಎತ್ತಿಕೊಂಡು ಹೋಗಿ ಹೋಗಿ, ನೆನಪಾಗಿ, ಅತ್ಯಾ ಹಾಗೇ ಹೊರಳಿ ಬರುತ್ತಿದ್ದಳು. ಹುಸೇನಸಾಬ ಗೋಡೆಯಾಚೆಯಿಂದ ಇನ್ನು ಕೊಡಿರಿ ಎಂದ ದಿನ ಮತ್ತೆ ನೀರು ಕೊಟ್ಟಳು, ಕೊಟ್ಟಿಗೆಯ ಗೊಬ್ಬರವನ್ನು ಅವನೇ ತಂದು ಕೊಟ್ಟ. ಶಿವರಾತ್ರಿ ಕಳೆದ ಮೇಲೆ ಗಣ್ಣು ಗಣ್ಣಿಗೆ ಚಿಗುರು ಒಡೆಯಿತು. ಚಿಗುರಿನ ಜೊತೆ ಜೋಳದ ಕಾಳಿನಷ್ಟು ದಪ್ಪದ ಮೊಗ್ಗು. ಯುಗಾದಿಯ ಮರುದಿನ ಅಪ್ಪ ಗೌಂಡಿಯನ್ನು ಕರೆದುಕೊಂಡು ಹಿತ್ತಲಿಗೆ ಬಂದಾಗ ಕಸಬರಿಗೆ, ಕೆರಗಳ ಮೇಲೆಲ್ಲ ಬಿಳಿ ಹೂ ಉದುರಿದ್ದವು. ಅಪ್ಪ ಒಂದು ಹೂ ಎತ್ತಿ ಮೂಸಿದ. ಗೌಂಡಿಗೆ ಚಹಾ ಕುಡಿಸಿ ಕಳಿಸಿದ. ಅತ್ಯಾ ಒಳಗೆ ಹೋಗಿ ದೇವರ ಮುಂದೆ ಕೂತು ಅತ್ತಳು. ಹತ್ತು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಖೋಲಿ ಆಗಲೇ ಇಲ್ಲ. ಗೊರಕೆಯ ಪಕ್ಕದಲ್ಲೇ ಇನ್ನೂ ಮೂರು ವರ್ಷ ಮಲಗಿದೆ.

ಕೀರ್ತಿ ಬಂದದ್ದು ಯಾರಿಗೆ ಎನ್ನುತ್ತೀರಿ? ಹುಸೇನಸಾಬನಿಗೆ ಅಲ್ಲ. ಅತ್ಯಾ ಬಂದವರಿಗೆಲ್ಲ ಲಿಂಬೆಹಣ್ಣು ಕೊಟ್ಟು, "ನಮ್ಮ ಮಾಸ್ತರ ಹೇಳಿದ್ದ, ಹಿಂಡಿ ಹಾಕು ಅಂತ" ಎನ್ನುತ್ತಿದ್ದಳು. ಊರು ಅಷ್ಟನ್ನೇ ಕೇಳಿಸಿಕೊಂಡು ಮನೆಗೆ ಹೋಗಿ ಭರಣಿ ಬಗ್ಗಿಸಿತು. ಕಚೇರಿಯ ಇನ್ನೊಬ್ಬ ಕಾರಕೂನರ ದಾಳಿಂಬೆ ಸತ್ತಿತು. ಅವರು ಜಗಳಕ್ಕೆ ಬಂದಾಗ ನಾನು ಬಹಳ ಗಂಭೀರವಾಗಿ, "ನಿಮ್ಮ ಹಿಂಡಿಯೊಳಗ ಬಳ್ಳೊಳ್ಳಿ ಇತ್ತೇನ್ರಿ?" ಎಂದು ಕೇಳಿದೆ. ಇತ್ತು ಎಂದರು. "ಮತ್ತ?" ಎಂದೆ. ಪಾಪ, ತಪ್ಪು ಒಪ್ಪಿಕೊಂಡು ಹೋದರು. ಹೀಗೆ ನಾನು ತೋಟದ ಪಂಡಿತನಾದೆ. ಅಂದಿನಿಂದ ಇಂದಿನವರೆಗೆ ನನ್ನ ಪಾಂಡಿತ್ಯದ ಬುಡದಲ್ಲಿರುವ ಗೊಬ್ಬರ ಇಷ್ಟೇ.

ಮುಂದಿನ ಸಂಕ್ರಾಂತಿಗೆ ಅತ್ಯಾ ಮತ್ತೆ ಒರಳ ಮುಂದೆ ನಿಂತಳು. ನಾನು ಮೆಣಸಿನಕಾಯಿಯ ತೊಟ್ಟು ಮುರಿದು ಕೊಡುತ್ತಿದ್ದೆ. ಹೆಂಡತಿ ಹಳ್ಳಕ್ಕೆ ಹೋಗಿದ್ದಳು. ಚೇಷ್ಟೆ ಮಾಡಬೇಕೆನಿಸಿ, ಈ ವರ್ಷ ಗಿಡಕ್ಕ ಎಷ್ಟು, ನಮಗ ಎಷ್ಟು ಎಂದು ಕೇಳಿದೆ. ಆಕೆ ಒನಕೆ ನಿಲ್ಲಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಅವತ್ತು ನೀ ಕಿಡಕ್ಯಾಗ ನಿಂತಿದ್ದಿ," ಎಂದಳು. "ನಾ ಭರಣಿ ತಗೊಂಡು ಹೋಗೂ ಮುಂದ ನೋಡಿದೆ. ಏನರೆ ಅಂತೀ ಏನೋ ಅಂತ ಬುಡದಾಗ ಇಟಗೊಂಡು ಚೂರು ಹೊತ್ತು ಕೂತೆ. ನೀ ಏನೂ ಅನ್ನಲಿಲ್ಲ. ಹಂಗಾದ್ರ ಖರೇನ ಇದ್ದೀತು ಅಂತ ಹಾಕಿದೆ."

ಮತ್ತೆ ಒನಕೆ ಎತ್ತಿದಳು. ಆ ಮಾತನ್ನು ಮುಂದೆ ಎಂದೂ ಎತ್ತಲಿಲ್ಲ.

ನಿಂತಿದ್ದೆ. ಟೊಪ್ಪಿಗೆ ಹಾಕಿಕೊಂಡು ಸಾಲಿಗೆ ಹೊರಟವನು ಹಿತ್ತಲ ಕಡೆಯ ಕಿಡಕಿಯಲ್ಲಿ ನಿಂತೆ. ಭರಣಿ ಕಂಡಿತು. ಅದು ಯಾವ ಹಿಂಡಿ ಎಂದು ತಿಳಿಯಲು ಪುಸ್ತಕ ಬೇಕಿರಲಿಲ್ಲ. ಅತ್ಯಾ ಎಂದು ಒಂದು ಸಲ ಕೂಗಿದರೆ ಸಾಕಿತ್ತು. ಬಾಯಿಗೆ ಬಂದದ್ದನ್ನು ಖೋಲಿಯ ಆಸೆ ಒಳಕ್ಕೆ ಎಳೆದುಕೊಂಡಿತು. ಸಾಲಿಗೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ಹೊರಟುಬಿಟ್ಟೆ. ಅವತ್ತು ಸಾಲಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಮುಟ್ಟಿದ್ದೆ.

ಅತ್ಯಾ ಹೋಗಿ ಬಹಳ ವರ್ಷವಾಯಿತು. ಈ ಬಾಗಲಕೋಟೆಯ ಹಿತ್ತಿಲಲ್ಲಿರುವ ಲಿಂಬೆ ಆ ಗಿಡದ ಬೀಜದ್ದೇ, ನನ್ನ ಹೆಂಡತಿ ತಂದು ಊರಿದ್ದು. ನಾನು ಹತ್ತಿರ ಹೋದರೆ ಅವಳು ಈಗಲೂ ಕೆಲಸ ಬಿಟ್ಟು ನೋಡುತ್ತಾಳೆ.

ಕೆರೂರಿನ ಹೆಣ್ಣುಮಗಳಿಗೆ ಚುರುಕಾದ ಒಂದು ಉತ್ತರ ಬರೆಯಬೇಕೆಂದು ಬೆಳಿಗ್ಗೆ ಕೂತವನು ಈಗ ಹೀಗೆ ಬರೆದಿದ್ದೇನೆ: "ತಾಯಿ, ಕುಸುಬೆಯ ಹಿಂಡಿ. ಗಾಣದಿಂದ ತಂದದ್ದು. ರೊಟ್ಟಿಗೆ ಹಚ್ಚುವುದು ಅಲ್ಲ. ಕೇಳಿದ್ದು ಒಳ್ಳೆಯದಾಯಿತು, ತಪ್ಪು ನನ್ನದು. ಇನ್ನು ಮುಂದೆಯೂ ಹಾಕುವ ಮೊದಲು ಕೇಳಿರಿ. ನಾನು ಕಿಡಕಿಯಲ್ಲೇ ಇದ್ದೇನೆ, ಹೇಳುತ್ತೇನೆ." ಕೊನೆಯ ಸಾಲು ಆಕೆಗೆ ತಿಳಿಯಲಿಕ್ಕಿಲ್ಲ. ಹೊಡೆದು ಹಾಕಬೇಕೆಂದು ಲೇಖನಿ ಎತ್ತಿದೆ. ಆಮೇಲೆ ಹಾಗೇ ಬಿಟ್ಟು, ಟೊಪ್ಪಿಗೆ ಹಾಕಿಕೊಂಡು ಹೋಗಿ ಟಪಾಲಿಗೆ ಹಾಕಿ ಬಂದೆ.