ಪಲ್ಪ್ ಮುಟ್ಟದ ಮ್ಯಾನೇಜರು

ನನ್ನ ತಮ್ಮ ಇಂಜಿನಿಯರಿಂಗ್ ಮುಗಿಸಿ, ಕಾಗದದ ಕಾರ್ಖಾನೆ ನಡೆಸುವುದನ್ನು ಕಲಿಯಲು ಮತ್ತೆ ಮೂರು ವರ್ಷ ಓದಿದ. ಮ್ಯಾನೇಜರ್ ಆದ ಮೇಲೆ ಅವನು ಕೈಗೆ ಕಾಗದವಾಗುವ ಆ ಹಸಿ ಮುದ್ದೆ, ಪಲ್ಪ್, ಅಂಟಿಸಿಕೊಂಡದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಮೊನ್ನೆ ಊಟಕ್ಕೆ ಬಂದವನು ನಗುನಗುತ್ತಾ ಒಂದು ವಿಷಯ ಹೇಳಿದ. ಪಲ್ಪ್ ಅರೆಯುವ ತೊಟ್ಟಿಯ ಹಳೆಯ ಕೆಲಸಗಾರರೊಬ್ಬರು ಒಂದು ಹಿಡಿ ಹಿಂಡಿ ನೋಡಿ, "ಸಾರ್, ಇನ್ನೂ ಅರ್ಧ ಗಂಟೆ ಅರೀಬೇಕು. ಈಗ್ಲೇ ಬಿಟ್ರೆ ಹಾಳೆ ಹರಿದುಹೋಗುತ್ತೆ" ಅಂದರಂತೆ.

"ಮೀಟರ್ ಸರಿಯಾಗೇ ತೋರಿಸ್ತಿದೆ ಕಣಯ್ಯ. ನಿನ್ನ ಮುಷ್ಟಿ ಯಾವ ಕಾಲೇಜಲ್ಲಿ ಓದಿದ್ದು?" ಅಂದನಂತೆ ಇವನು.

ಮಧ್ಯಾಹ್ನದೊಳಗೆ ಯಂತ್ರದ ಮೇಲೆ ಹಾಳೆ ಏಳು ಸಲ ಹರಿಯಿತು. ಕೆಲಸಗಾರನ ಅಜಾಗರೂಕತೆಯೇ ಕಾರಣವೆಂದು ಇವನು ವರದಿ ಬರೆದ. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಅವರನ್ನು ತೆಗೆದುಹಾಕುವ ಮಾತು ನಡೆದಿತ್ತು.

"ಅವರು ಮೊದಲೇ ಹೇಳಿದ್ದನ್ನ ಬರೆದ್ಯೇನೋ?" ಎಂದೆ.

"ಅದನ್ನ ಬರೆದ್ರೆ ನನ್ನ ಓದಿಗೆ ಏನಕ್ಕಾ ಮರ್ಯಾದೆ? ನೀರು ಕೊಡು."

ಅಷ್ಟು ವರ್ಷ ಓದಿ ಕಲಿತದ್ದು, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು.

ನಿನ್ನೆ ಅವರನ್ನು ಕೆಲಸದಿಂದ ತೆಗೆದರು. ದಿನವೂ ದೇವರ ಮುಂದೆ ಕೂತಾಗ ನಮ್ಮವರನ್ನೆಲ್ಲ ಹೆಸರು ಹಿಡಿದು ಕಾಪಾಡೆಂದು ಬೇಡುತ್ತೇನೆ. ಇವತ್ತು ಆ ಕೆಲಸಗಾರರನ್ನು ಸೇರಿಸಿಕೊಂಡೆ. ತಮ್ಮನನ್ನು ಬಿಟ್ಟೆ.