ಹೊಳಿಯೊಳಗ ಕೆಂಪು ಹುಳಾ ಬಂದ ಮ್ಯಾಲೆ

ಮದುವಿ ಆಗಿ ಮುಧೋಳದ ಕಡೆ ಬಂದಾಗ, ನಮ್ಮತ್ತಿ ಘಟಪ್ರಭಾ ಹೊಳಿಯಾಗ ಕೊಡ ಮುಳುಗಿಸೋ ಮೊದಲ ಒಂದು ಕಲ್ಲು ಎತ್ತಿ ನೋಡತಿದ್ದಳು. ಅದರ ಬುಡಕ ಉಸುಕಿನ ಗೂಡು ಕಟ್ಟಿಕೊಂಡ ಸಣ್ಣ ಹುಳಾ ಇರಬೇಕು, ಚಪ್ಪಟಿ ಹುಳಾ ಸರಸರ ಓಡಬೇಕು. ಅವು ಇದ್ದರ ನೀರು ಛಲೋ, ತುಂಬು ಅಂತಿದ್ದಳು. ನಾನೂ ಹಂಗ ಮಾಡಕೋತ ಬಂದೆ. ನನ್ನ ಕಣ್ಣ ಮುಂದ ಮೊದಲ ಗೂಡಿನ ಹುಳಾ ಹೋದವು. ಆಮ್ಯಾಲೆ ಸಿಂಪಿ ಬರೇ ಸತ್ತವು ಸಿಗಾಕತ್ತಿದವು. ಏಡಿ ಕಂಡು ಎಷ್ಟೋ ವರ್ಷ ಆತು. ಅಷ್ಟೊತ್ತಿಗೆ ಮನ್ಯಾಗ ನಳ ಬಂದಿತ್ತು, ಹೊಳಿ ಕಡೆ ಯಾರೂ ತಿರುಗಿ ನೋಡಲಿಲ್ಲ.

ಹೋದ ವರ್ಷ ಮೊಮ್ಮಗಳು ಹಡದಳು. ಗಂಗಿ ಪೂಜಿಗೆ ಹೊಳಿಗೆ ಹೋದಿವಿ. ಪೂಜಿ ಮುಗಿದ ಮ್ಯಾಲೆ ಕೂಸಿನ ತುಟಿಗೆ ಹೊಳಿ ನೀರು ಹಚ್ಚೋದು ನಮ್ಮ ಮನಿ ಪದ್ಧತಿ. ನಾನು ರೂಢಿಯಂಗ ದಂಡಿ ನೀರಾಗಿನ ಒಂದು ಕಲ್ಲು ಎತ್ತಿದೆ. ಬುಡಕ ಕರಿ ರಾಡಿ, ಗಬ್ಬು ವಾಸನಿ. ಅದರಾಗ ದಾರದಂಥಾ ಕೆಂಪು ಹುಳಾ ಮಿಸುಕಾಡಾಕತ್ತಿದ್ದವು. ಕಲ್ಲು ಹಿಡಕೊಂಡೇ ತಿರುಗಿ ನೋಡಿದೆ.

ಮೊಮ್ಮಗಳ ಅತ್ತಿ ಆಗಲೇ ಅಂಗೈಯಾಗ ನೀರು ಹಿಡಕೊಂಡು ನಿಂತಿದ್ದಳು.

"ಚೆಲ್ಲರಿ ಆ ನೀರು," ಅಂದೆ.

"ಯಾಕ್ರಿ ಬೀಗರ? ತಿಳಿ ಐತಲ್ಲ."

"ಇಲ್ಲಿ ಹುಳಾ ನೋಡ್ರಿ."

"ಹುಳಾ ಇದ್ದರ ನೀರು ಛಲೋ ಅಂತ ದಾರ್ಯಾಗ ನೀವ ಹೇಳಿದ್ರಿ. ಹುಳದಾಗೂ ತವರಮನಿ ಹುಳಾ, ಗಂಡನಮನಿ ಹುಳಾ ಅಂತ ಅದಾವೇನ್ರಿ?"

ಹೆಣ್ಣಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

"ಇವು ಅವಲ್ಲ," ಅಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ನೀರಾಗ ಏನು ಕೂಡೈತಿ, ಎಳಿ ಕೂಸಿಗೆ ಏನು ಆಗತೈತಿ, ಹೆಂಗ ಹೇಳಲಿ?

ನಗಿ ನಿಲ್ಲೋದರಾಗ ಬೀಗತಿ ಬೆರಳು ಅದ್ದಿ ಕೂಸಿನ ತುಟಿಗೆ ಹಚ್ಚೇ ಬಿಟ್ಟಳು. ನಾನು ಸೆರಗಿನಿಂದ ಒರಸಿದೆ. ಜೋರಾತು, ಕೂಸು ಚೀರಿತು. ಆದರ ನನ್ನ ಕೈ ಮುಟ್ಟೋಕಿಂತ ಮೊದಲ ಅದರ ನಾಲಿಗಿ ಹೊರಗ ಬಂದು ತುಟಿ ನೆಕ್ಕಿತ್ತು. ನಾ ನೋಡೇನಿ.

ಬೀಗತಿ ಮಾರಿ ಗಂಟು ಹಾಕಿಕೊಂಡಳು. ಹಾಕಿಕೊಳ್ಳಲಿ. ಮನಿಗೆ ಬಂದಿಂದ ನಾನು ಕೂಸಿನ ಹೊಟ್ಟಿ ಮುಟ್ಟಿ ನೋಡೋದು, ಅದರ ಅರಬಿ-ಬಟ್ಟಿ ಮೂಸಿ ನೋಡೋದು, ಇದ ಕೆಲಸ.

"ಆರಾಮ ಐತಿ ಬಿಡ ಬೇ ಆಯಿ, ನೀನ ಅದಕ್ಕ ಜಡ್ಡು ಹಚ್ಚತಿ," ಅಂತ ಮೊಮ್ಮಗಳು ಬೈದಳು.

ಖರೆ, ಕೂಸಿಗೆ ಏನೂ ಆಗಲಿಲ್ಲ. ಈಗ ಅಂಬೆಗಾಲು ಇಡತೈತಿ. ಆದರೂ ಒಂದು ಸಲ ಕೆಮ್ಮಿದರ ಸಾಕು, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದರೂ ಬಿಟ್ಟು ಓಡತೇನಿ.